ಅಣ್ಣನಿಗೊಂದು ಹೆಣ್ಣು ಬೇಕಾಗಿದೆ

"ಹುಡುಗನ ಫೋಟೊ ಕೊಡಿ," ಎಂದೆ.

ವಿಶಾಲ್ ಗಲ್ಲಾದ ಡ್ರಾವರಿನಿಂದ ಹಳೆಯ ಕಪ್ಪು-ಬಿಳುಪು ಫೋಟೊ ತೆಗೆದು ನನ್ನ ಚಹಾದ ಲೋಟದ ಪಕ್ಕ ಇಟ್ಟ. ನಾಲ್ಕು ವರ್ಷದ ಮಗು. ದೊಡ್ಡ ಕಾಲರಿನ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ.

ನನಗೆ ನಗು ಬಂತು. "ಚಂದ ಉಂಟು. ಈಗಿನದ್ದು ಕೊಡಿ ಮಾರಾಯ್ರೆ."

"ಈಗಿನದ್ದು ಇಲ್ಲ ಪ್ರಣೀತಾ. ಈ ಫೋಟೊ ತೆಗೆದ ವರ್ಷವೇ ಅಣ್ಣ ತೀರಿಹೋದ. ಕಾಮಾಲೆ."

ಠಾಣೆ ಸ್ಟೇಷನ್ನಿನ ಎದುರು ಅವನ ಹೋಟೆಲು. ಒಳಗೆ ದೋಸೆ ಚುಂಯ್ ಅನ್ನುತ್ತಿತ್ತು, ಜನ ಗಿಜಿಗುಟ್ಟುತ್ತಿದ್ದರು. ನಾನು ನಗು ನುಂಗಿ ಫೋಟೊವನ್ನು ಮತ್ತೆ ಕೈಗೆತ್ತಿಕೊಂಡೆ.

ಕುಲೆ ಮದಿಮೆಯ, ಅಂದರೆ ಸತ್ತವರ ಮದುವೆಯ ವಿಷಯ ಅಜ್ಜಿಯ ಬಾಯಲ್ಲಿ ಕೇಳಿದ್ದೆ. ನಮ್ಮ ತುಳುವರ ಮನೆಗಳಲ್ಲಿ ಸತ್ತ ಮಕ್ಕಳು ಆ ಲೋಕದಲ್ಲಿ ಬೆಳೆಯುತ್ತಲೇ ಇರುತ್ತಾರಂತೆ. ಪ್ರಾಯಕ್ಕೆ ಬಂದ ಮೇಲೆ ಜೋಡಿ ಬೇಕೆಂದು ಕಾಡುತ್ತಾರಂತೆ. ಆಗ ಹಾಗೆಯೇ ತೀರಿಹೋದ ಹೆಣ್ಣನ್ನು ಹುಡುಕಿ, ಸಂಬಂಧ ಕೇಳಿ, ಮಳೆಗಾಲದ ಆಟಿ ತಿಂಗಳಲ್ಲಿ ಮದುವೆ ಮಾಡಬೇಕು. ಬದುಕಿರುವವರಿಗೆ ಆ ತಿಂಗಳು ಮದುವೆಯಿಲ್ಲ.

"ನನಗೆ ನೋಡಿದ ಸಂಬಂಧ ಎಲ್ಲ ಕೊನೆ ಗಳಿಗೆಯಲ್ಲಿ ತಪ್ತದೆ," ವಿಶಾಲ್ ಟೇಬಲ್ಲಿನ ಮೇಲೆ ಬೆರಳಾಡಿಸುತ್ತ ಹೇಳಿದ. "ಜಯಶೀಲಣ್ಣನದ್ದು ಆಗದೆ ನನ್ನದು ಆಗುದಿಲ್ಲ ಅಂತ ಊರಲ್ಲಿ ಜೋಯಿಸರ ಪ್ರಶ್ನೆಯಲ್ಲಿ ಬಂತಂತೆ. ನೀವು ಬರೆದ್ರೆ ಹೆಣ್ಣು ಬೇಗ ಸಿಗ್ತದೆ ಅಂತ ಅಮ್ಮ ಹೇಳಿದ್ರು."

"ನಿಮಗೆ ನಂಬಿಕೆ ಉಂಟಾ?"

"ಅಮ್ಮನಿಗೆ ಉಂಟು," ಎಂದು ನಕ್ಕ. ಆ ನಗು ನೋಡಿದರೆ ನಾನು ಯಾವುದಕ್ಕೂ ಇಲ್ಲ ಎನ್ನಲಾರೆ. ಅದೇ ನನ್ನ ಕರ್ಮ.

ಮಹಾಪೆಯ ಆಫೀಸಿನ ಕೆಲಸ ಬಿಟ್ಟು ಫ್ರೀಲಾನ್ಸ್ ಬರವಣಿಗೆಗೆ ಇಳಿದವಳು ನಾನು. ಸಮುದ್ರವೇ ಕಾಣದ ಸೀ-ವ್ಯೂ ಫ್ಲ್ಯಾಟಿಗೆ ಬ್ರೋಷರ್, ಮಿಕ್ಸರಿಗೆ ಕೈಪಿಡಿ, ಮದುವೆ ಹುಡುಗ ಹುಡುಗಿಯರಿಗೆ ಪ್ರೊಫೈಲ್. ಎಲ್ಲ ನನ್ನ ಅಕ್ಷರ, ಎಲ್ಲಿಯೂ ನನ್ನ ಹೆಸರಿಲ್ಲ. ಡೊಂಬಿವಲಿಯಲ್ಲಿ ಹೊತ್ತುಗೊತ್ತಿಲ್ಲದೆ ಕರೆಂಟು ಹೋಗುತ್ತಿದ್ದ ಕಾಲ ಅದು. ಲ್ಯಾಪ್‌ಟಾಪ್ ಹಿಡಿದು ಅವನ ಹೋಟೆಲಿಗೆ ಬರುತ್ತಿದ್ದೆ. ಪ್ಲಗ್ ಇದ್ದ ಮೂಲೆಯ ಟೇಬಲ್ಲನ್ನು ಅವನು ಯಾರಿಗೂ ಕೊಡುತ್ತಿರಲಿಲ್ಲ. ಕೇಳದೆಯೇ ಸಕ್ಕರೆ ಕಮ್ಮಿಯ ಚಹಾ ಬರುತ್ತಿತ್ತು. ಲೋಟದ ಅಂಚಿನ ಮೇಲಿಂದ ನಾನು ಗಲ್ಲಾದ ಕಡೆ ನೋಡಿದಾಗೆಲ್ಲ ಅವನು ಗಡಿಬಿಡಿಯಲ್ಲಿ ಬೇರೆ ಕಡೆ ನೋಡುತ್ತಿದ್ದ. ನನಗೆ ಅವನೆಂದರೆ ಇಷ್ಟ. ಸುಳ್ಳು ಯಾಕೆ ಹೇಳಲಿ?

ಈಗ ನೋಡಿ ನನ್ನ ಪಾಡು. ಚೆನ್ನಾಗಿ ಬರೆದರೆ ಅವನ ಅಣ್ಣನಿಗೆ ಹೆಣ್ಣು ಸಿಗುತ್ತದೆ. ಅಣ್ಣನದ್ದು ಮುಗಿದ ಮರುದಿನ ಇವನಿಗೂ ಯಾರಾದರೂ ಸಿಗುತ್ತಾಳೆ. ಕೆಟ್ಟದಾಗಿ ಬರೆದುಬಿಡಲೇ ಎಂದು ಯೋಚಿಸಿದೆ. ಕೈ ಕೇಳಲಿಲ್ಲ. ಮಿಕ್ಸರಿಗೇ ಮನಸ್ಸಿಟ್ಟು ಬರೆದವಳು, ಆ ಮಗುವಿಗೆ ಬರೆಯದಿರುತ್ತೇನೆಯೇ?

ಮಧ್ಯಾಹ್ನ ಮೂಲೆಯ ಟೇಬಲ್ಲಿನಲ್ಲಿ ಕೂತು ಟೈಪ್ ಮಾಡಿದೆ. 'ಮಾತು ಕಡಿಮೆ. ಗುಡುಗಿಗೆ ಹೆದರುತ್ತಾನೆ. ಅನ್ನದ ಪಾತ್ರೆಯ ತಳದ ಸೀಕಲು ಇಷ್ಟ. ತುಂಬಾ ಕಾಲದಿಂದ ಒಬ್ಬನೇ ಇದ್ದಾನೆ. ಕೈ ಹಿಡಿದುಕೊಳ್ಳುವ ಹುಡುಗಿ ಬೇಕು.'

ಅಷ್ಟರಲ್ಲಿ ಹಳೆಯ ವೇಟರ್ ಜಟ್ಟೆಪ್ಪ ಎರಡು ಗ್ಲಾಸು ನೀರು ತಂದಿಟ್ಟ.

"ನಾನೊಬ್ಬಳೇ ಅಲ್ವಾ ಇರೋದು?"

"ನಿಮ್ಮ ಎದುರಿಗೆ ಕುಂತವ್ರಿಗ್ರಿ," ಎಂದು ತಿರುಗಿದವನು ಗಕ್ಕನೆ ನಿಂತ. "ಅರೆ, ಈಗ ಇಲ್ಲೇ ಇದ್ರಲ್ರೀ. ನಮ್ಮ ಸಾವ್ಕಾರ್ರಂಗೇ ಇದ್ರು, ಸ್ವಲ್ಪ ದೊಡ್ಡವ್ರು."

ಎದುರಿನ ಕುರ್ಚಿ ಯಾರೋ ಈಗಷ್ಟೇ ಎದ್ದು ಹೋದ ಹಾಗೆ ಓರೆಯಾಗಿತ್ತು.

ಬರೆದದ್ದನ್ನು ಓದಿದ ವಿಶಾಲ್ ಒಂದು ಸಾಲಿನ ಮೇಲೆ ಬೆರಳಿಟ್ಟ. "ಸೀಕಲಿನ ವಿಷಯ ನಿಮಗೆ ಯಾರು ಹೇಳಿದ್ದು? ಅದು ಅಮ್ಮನಿಗೆ ಬಿಟ್ರೆ ನನಗೆ ಮಾತ್ರ ಗೊತ್ತು."

"ಸುಮ್ಮನೆ ಬಂತು," ಎಂದೆ. ಎರಡನೆಯ ಗ್ಲಾಸಿನ ನೀರು ಅರ್ಧಕ್ಕೆ ಇಳಿದಿತ್ತು. ನಾನು ಮುಟ್ಟಿರಲಿಲ್ಲ.

ಜಾತಿ ಸಂಘದ ಮಾಸಿಕದಲ್ಲಿ ಅದು ಅಚ್ಚಾಯಿತು. ಕೆಲವು ದಿನಗಳ ನಂತರ ಡೊಂಬಿವಲಿ ಸ್ಟೇಷನ್ನಿನಲ್ಲಿ ಇಳಿದು ಮನೆ ಕಡೆ ನಡೆಯುವಾಗ ವಿಶಾಲನ ಫೋನ್.

"ಹೆಣ್ಣು ಸಿಕ್ಕಿತು. ಬಳಿ, ಗೋತ್ರ ಬೇರೆ ಬೇರೆ, ಎಲ್ಲ ಸರಿ ಹೊಂದ್ತದೆ. ನಿಮ್ಮ ಡೊಂಬಿವಲಿಯವರೇ. ಮೂರು ವರ್ಷಕ್ಕೆ ಹೋದ ಮಗು. ಚಂಪಾ ಅಂತ ಹೆಸರು."

ಫೋನ್ ಹಿಡಿದೇ ಮೆಟ್ಟಿಲು ಓಡಿ ಹತ್ತಿದೆ. ಚಂಪಾ ನನ್ನ ಅಕ್ಕ. ನಾನು ಹುಟ್ಟುವ ಮೊದಲೇ ಹೋದವಳು. ನಮ್ಮ ಮನೆಯಲ್ಲಿ ಯಾರೂ ಆ ಹೆಸರು ಎತ್ತುವುದಿಲ್ಲ.

ಅಮ್ಮ ಮಂಚದ ಮೇಲೆ ತನ್ನ ಮದುವೆಯ ಸೀರೆ ಹರಡಿಕೊಂಡು ಕೂತಿದ್ದಳು.

"ಗಂಡು ಸಿಕ್ಕಿದ ಮಗಾ," ಎಂದಳು. "ಚಂಪಾ ನನ್ನ ಸೆರಗು ಬಿಡ್ತಿರ್ಲಿಲ್ಲ. ಯಾರು ಬಂದ್ರೂ ಅವರ ಬಟ್ಟೆಗೆ ನನ್ನ ಸೆರಗು ಸೇರಿಸಿ ಗಂಟು ಹಾಕ್ತಿದ್ಲು, ಹೋಗ್ಬಾರ್ದು ಅಂತ. ಇವನ ಬಗ್ಗೆ ಓದಿದ ಕೂಡ್ಲೆ ನನ್ನ ಮಗಳಿಗೆ ಇವನೇ ಅನ್ನಿಸ್ತು. ಯಾರು ಬರೆದದ್ದೋ, ಅವರ ಕೈ ತಣ್ಣಗಿರಲಿ."

"ಅಮ್ಮ, ಅದು ಬರೆದದ್ದು ನಾನು."

ಅಕ್ಷರ ಬೇಯಿಸಿ ಉಣ್ಲಿಕ್ಕೆ ಆಗ್ತದಾ ಎಂದು ದಿನವೂ ಬೈಯುತ್ತಿದ್ದ ನನ್ನಮ್ಮ ನನ್ನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದು ಅತ್ತಳು. ನಾನೂ ಅತ್ತೆ.

ಆಟಿಯಲ್ಲಿ ನಮ್ಮ ಮನೆಯಲ್ಲೇ ಮದುವೆ. ಹೊರಗೆ ಮಳೆ, ಒಳಗೆ ಮಿಣಮಿಣ ಟ್ಯೂಬ್‌ಲೈಟು. ಎರಡು ಕುರ್ಚಿ. ಒಂದರ ಮೇಲೆ ಪಂಚೆ, ಶಲ್ಯ. ಇನ್ನೊಂದರ ಮೇಲೆ ಅಮ್ಮನ ಸೀರೆ, ಬಳೆ, ಕರಿಮಣಿ. ಅಣ್ಣನ ಹೂಮಾಲೆಯನ್ನು ವಿಶಾಲ್ ಹಿಡಿದ, ಅಕ್ಕನದ್ದನ್ನು ನಾನು. ಮಾಲೆ ಬದಲಿಸುವಾಗ ಅವನ ಬೆರಳು ನನ್ನ ಬೆರಳಿಗೆ ತಾಗಿತು.

ಆಮೇಲೆ ಜೋಡಿ ಎಲೆ ಹಾಕಿ ಬಡಿಸಿದರು. ಜಯಶೀಲನ ಎಲೆಗೆ ಅವನ ಅಮ್ಮ ಸೀಕಲು ಬಡಿಸಿದರು. ಸತ್ತವರು ಉಣ್ಣುವಾಗ ಬದುಕಿದವರು ನೋಡಬಾರದು. ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗಿನ ಗ್ಯಾಲರಿಗೆ ಬಂದೆವು.

ವಿಶಾಲ್ ನನ್ನ ಪಕ್ಕದಲ್ಲೇ ನಿಂತ. ಹೆಗಲ ಮೇಲೆ ಶಲ್ಯ, ಕಣ್ಣಲ್ಲಿ ತುಂಟತನ.

"ನಾಳೆಯಿಂದ ಅಮ್ಮ ನನಗೆ ಹೆಣ್ಣು ನೋಡ್ತಾರೆ," ಎಂದು ಮೆಲ್ಲಗೆ ಹೇಳಿದ. "ನನ್ನ ಪ್ರೊಫೈಲನ್ನೂ ನೀವೇ ಬರೀಬೇಕು."

ನನಗೆ ಸಿಟ್ಟು ನೆತ್ತಿಗೇರಿತು. "ಬರಿಯುದಿಲ್ಲ. ಬೇರೆ ಯಾರನ್ನಾದ್ರೂ ನೋಡಿಕೊಳ್ಳಿ. ನಿಮ್ಮನ್ನು ನನ್ನ ಕೈಯಾರೆ ಇನ್ನೊಬ್ಬಳಿಗೆ ಕೊಡ್ಲಿಕ್ಕೆ ನನಗೆ ಮನಸ್ಸಿಲ್ಲ. ಸಾಕಾ?"

"ಅದನ್ನು ಕೇಳ್ಲಿಕ್ಕೇ ಇಷ್ಟು ದಿನ ಆ ಟೇಬಲ್ ಖಾಲಿ ಇಟ್ಟದ್ದು," ಎಂದ. ಈ ಸಲ ಅವನು ಬೇರೆ ಕಡೆ ನೋಡಲಿಲ್ಲ.

ಒಳಗಿನಿಂದ ಬಳೆಯ ಸದ್ದು ಕೇಳಿತು. ಎಲ್ಲರೂ ಕೇಳಿಸಿಕೊಂಡರು. ಸ್ವಲ್ಪ ಹೊತ್ತು ಬಿಟ್ಟು ಅಮ್ಮ ಬಾಗಿಲು ತೆಗೆದಳು. ಎಲೆಯಲ್ಲಿ ಬಡಿಸಿದ್ದೆಲ್ಲ ಹಾಗೇ ಇತ್ತು. ಸೀಕಲು ಮಾತ್ರ ಇರಲಿಲ್ಲ.

ನಾನು ಒಳಗೆ ಕಾಲಿಟ್ಟೆ. ಹಿಂದಿನಿಂದ ಯಾರೋ ಸೆರಗು ಜಗ್ಗಿದರು.

"ಬಿಡಿ, ಎಲ್ಲರೂ ಇದ್ದಾರೆ," ಎಂದು ವಿಶಾಲನ ಮೇಲೆ ರೇಗಿದೆ.

"ನಾನಲ್ಲ," ಎಂದ. ಅವನ ಎರಡೂ ಕೈ ಗ್ಯಾಲರಿಯ ಕಂಬಿಯ ಮೇಲಿದ್ದವು.

ನನ್ನ ಸೆರಗಿನ ತುದಿ ಅವನ ಶಲ್ಯದ ತುದಿಗೆ ಗಂಟು ಬಿದ್ದಿತ್ತು. ಪುಟ್ಟ, ಬಿಗಿಯಾದ, ಸೊಟ್ಟ ಗಂಟು. ದೊಡ್ಡವರ ಬೆರಳಿಗೆ ಅಷ್ಟು ಸಣ್ಣದು ಹಾಕಲು ಬರುವುದಿಲ್ಲ. ನಮ್ಮ ಮನೆಯಲ್ಲಿ ಆ ದಿನ ಮಕ್ಕಳು ಯಾರೂ ಇರಲಿಲ್ಲ.

ಅಮ್ಮ ಹತ್ತಿರ ಬಂದು ಅದನ್ನು ಬೆರಳಲ್ಲಿ ಮುಟ್ಟಿ ನೋಡಿದಳು. ಗುರುತು ಹಿಡಿದಳು.

"ಬಿಚ್ಚಬೇಡಿ," ಎಂದಳು, ನಮ್ಮಿಬ್ಬರಿಗೂ.