ಹದಿನೇಳನೆಯ ಗಿಡದ ಬೇರು

"ನಿಲ್ಲಿಸಿ! ಏನ್ ಮಾಡ್ತಿದೀರಾ ನೀವು?!"

ನೆವೆನಾಳ ಕೂಗಿಗೆ ಸಲಿಕೆ ಹಿಡಿದಿದ್ದವನು ತಲೆ ಎತ್ತಿದ. ಅವನ ಕಾಲ ಬಳಿ ಹದಿನೇಳನೆಯ ಗಿಡ ಬೇರುಸಮೇತ ಮಲಗಿತ್ತು.

ಅವಳ ಒಂಬತ್ತು ವರ್ಷದ ದುಡಿಮೆ! ಬೇರುಕೊಳೆ ರೋಗ ಅಪ್ಪನ ಪ್ಲಮ್ ತೋಟವನ್ನೇ ಒಣಗಿಸಿದ ಮೇಲೆ, ಆ ರೋಗಕ್ಕೆ ಬಗ್ಗದ, ಕಸಿ ಕಟ್ಟಲು ಬುಡವಾಗುವ ಬೇರುಸಸಿ ಹುಟ್ಟಿಸಿಯೇ ತೀರುತ್ತೇನೆಂದು ಚಾಚಕ್ ಪಟ್ಟಣದ ಬಳಿಯ ಈ ಸಂಶೋಧನಾ ತೋಟಕ್ಕೆ ಬಂದಿದ್ದಳು. ರೋಗದ ಮಣ್ಣಿನಲ್ಲೇ ನೆಟ್ಟ ನಲವತ್ತು ತಳಿಗಳಲ್ಲಿ ಇದೊಂದೇ ಸೊಂಪಾಗಿ ಬೆಳೆದಿತ್ತು. ಸೋಮವಾರ ಇದರ ಸಸಿಗಳು ರೈತರ ಕೈ ಸೇರಬೇಕಿತ್ತು.

"ನಾನು ವುಕಾಶಿನ್, ರೋಗ ಪರೀಕ್ಷೆಗೆ ಹೊಸದಾಗಿ ಬಂದೋನು. ಸ್ವಲ್ಪ ಇಲ್ಲಿ ನೋಡಿ..."

"ನೋಡೋಕೇನಿದೆ? ಕೊಂದುಬಿಟ್ಟಿರಲ್ಲ!"

ಅವನೆದುರೇ ಬಿಕ್ಕಿಬಿಕ್ಕಿ ಅತ್ತಳು. ಅವಳು ತಿರುಗಿ ನೋಡದೆ ಹೊರಟುಬಿಟ್ಟಳು.

ಹನ್ನೊಂದು ದಿನ ಅವನು ಎದುರಾದಾಗಲೆಲ್ಲ ಮುಖ ತಿರುಗಿಸಿದಳು. ಸಸಿ ಹಂಚಿಕೆ ನಿಂತದ್ದೂ ಅವನಿಂದಲೇ ಎಂದು ಒಳಗೊಳಗೇ ಕುದಿದಳು.

ಹನ್ನೆರಡನೆಯ ದಿನ, ಸಸಿಮನೆ ನೋಡಿಕೊಳ್ಳುವ ರಾಡೋಯ್ಕಾ ಚಿಕ್ಕಮ್ಮ ಅವಳ ಕೈ ಹಿಡಿದು ಎಳೆದೊಯ್ದಳು. "ಬಾ ಮಗಳೇ. ಬೈಯೋದಾದ್ರೆ ಕಣ್ಣಾರೆ ನೋಡಿ ಬೈ!"

ಶೆಡ್ಡಿನ ಮೇಜಿನ ಮೇಲೆ ಹದಿನೇಳರ ಬೇರಿತ್ತು. ಚಿಕ್ಕಮ್ಮ ತೊಗಟೆ ಸುಲಿದಳು. ಒಳಗೆಲ್ಲ ಬೆಳ್ಳಗೆ ಹಬ್ಬಿದ ಬೂಷ್ಟು... ಅಣಬೆಯ ವಾಸನೆ!

ನೆವೆನಾ ಬೆಚ್ಚಿಬಿದ್ದಳು. ಅಪ್ಪನ ತೋಟದಲ್ಲಿ ಕಂಡದ್ದೂ ಇದೇ! ಇದನ್ನೇ ರೈತರಿಗೆ ಕೊಟ್ಟಿದ್ದರೆ... ದೇವರೇ!

ಅವಳು ಓಡಿದಳು. ತೋಟದಲ್ಲಿ ವುಕಾಶಿನ್ ಒಂದು ಕುಳ್ಳ ಗಿಡದ ಬುಡದ ಮಣ್ಣನ್ನು ಬೆರಳಿನಿಂದ ಬಿಡಿಸುತ್ತಿದ್ದ.

"ಮೂವತ್ತೊಂದನೇ ಗಿಡ," ಎಂದ ಮೆಲ್ಲಗೆ. "ಹದಿನೇಳರ ಕೊಳೆತ ಬೇರು ಇದರ ಬೇರನ್ನೇ ಸುತ್ತಿಕೊಂಡಿತ್ತು. ಆದ್ರೂ ರೋಗ ಒಳಗೆ ಹೊಕ್ಕಿಲ್ಲ. ಮೂರು ಸಲ ಪರೀಕ್ಷೆ ಮಾಡ್ದೆ."

ಬೆಳವಣಿಗೆ ಸಾಲದೆಂದು ಅವಳೇ ಪಟ್ಟಿಯಿಂದ ಹೊಡೆದುಹಾಕಿದ ಗಿಡ! ನೆವೆನಾ ಅದರ ಬುಡದ ಬಳಿ ಕೂತು ಬೇರನ್ನು ಮುಟ್ಟಿ ನೋಡಿದಳು.

"ಯಾಕೆ... ಯಾಕೆ ಹೇಳಲಿಲ್ಲ?"

"ನೀವು ಮಾತಾಡಿಸಿದ್ರೆ ತಾನೇ! ಆದ್ರೂ ಕೀಳೋ ಮುಂಚೆ ನಿಮಗೆ ತೋರಿಸಬೇಕಿತ್ತು. ತಪ್ಪು ನಂದೇ."

"ನಾನೂ ಸುಮ್ಮಸುಮ್ಮನೆ..."

"ಒಂದು ಗಿಡಕ್ಕೋಸ್ಕರ ಅಷ್ಟು ಅಳೋರನ್ನ ನಾನು ನೋಡೇ ಇರ್ಲಿಲ್ಲ, ನೆವೆನಾ. ಅವತ್ತಿಂದ ನಿಮ್ಮ ಮುಖ ಕಣ್ಮುಂದಿಂದ ಹೋಗ್ತಾನೇ ಇಲ್ಲ... ನೀವಂದ್ರೆ ನಂಗೆ ತುಂಬಾ ಇಷ್ಟ."

ಈ ದಿನ ಇನ್ನೂ ಎಷ್ಟು ಆಘಾತ!

"ಮೈಯೆಲ್ಲ ಮಣ್ಣು ಮಾಡ್ಕೊಂಡು ಹೇಳೋ ಮಾತಾ ಇದು?"

ಅವನು ಗಾಬರಿಯಿಂದ ಎದ್ದ. "ಕೈ ತೊಳ್ಕೊಂಡು ಬರ್ಲಾ?"

"ಬೇಡ..." ಅವಳು ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ನೀನು ತೊಳ್ಕೊಂಡು ಬರೋಷ್ಟರಲ್ಲಿ ನನ್ನ ಧೈರ್ಯ ಹೋಗ್ಬಿಡುತ್ತೆ."