ಗೋಡೆಯಿಂದ ಹರಿದ ವಂಶವೃಕ್ಷ

ಟಿಣ್.

ಸಣ್ಣ ಸದ್ದು. ವೇದವಲ್ಲಿ ಪುಸ್ತಕದಿಂದ ತಲೆಯೆತ್ತಿದಳು. ರಾತ್ರಿ ಹನ್ನೊಂದು ಇಪ್ಪತ್ತು. ಒಂದು ನಿಮಿಷದ ಹಿಂದೆ ಹೊರಗೆ ಏನೋ ಧೊಪ್ಪೆಂದು ಬಿದ್ದಿತ್ತು. ಯಾರೋ ಕಸದ ಚೀಲ ಎಸೆದರು ಅಂದುಕೊಂಡಿದ್ದಳು. ಈಗ ಈ ಸದ್ದು. ಹಾಸ್ಟೆಲಿನ ಹಿಂಬದಿಯ ಕಬ್ಬಿಣದ ಮೆಟ್ಟಿಲ ಮೇಲೆ, ಅವಳ ಮಹಡಿಯಿಂದ ಕೆಳಕ್ಕೆ ಇಳಿಯುತ್ತಿತ್ತು. ಟಿಣ್. ಟಿಣ್. ಹೆಜ್ಜೆಯ ಸದ್ದು ಮಾತ್ರ ಇರಲಿಲ್ಲ.

ಬಾಗಿಲ ತನಕ ಹೋದಳು. ಚಿಲಕ ಹಾಕಿದೆಯೇ ನೋಡಿದಳು. ಇನ್ನೊಮ್ಮೆ ನೋಡಿದಳು. ತೆರೆಯಲಿಲ್ಲ.

ಬೆಳಿಗ್ಗೆ ಆರಕ್ಕೆ ಕಸ ವಿಂಗಡಿಸಲು ಬಂದ ಕಾವಲುಗಾರನಿಗೆ ಮೆಟ್ಟಿಲ ಬುಡದಲ್ಲಿ ಶ್ರೀಹರಿ ಕಂಡ. ನಾಲ್ಕನೇ ಮಹಡಿಯ ಕಂಬಿಯಿಂದ ಬಿದ್ದಿದ್ದ. ಕತ್ತು ಮುರಿದಿತ್ತು. ಕಾಲಲ್ಲಿ ಬೂಟಿರಲಿಲ್ಲ, ಬರೀ ಸಾಕ್ಸು.

* * *

"ಬೂಟು ಒಳಗೆ ಬಾಗಿಲ ಹತ್ತಿರ ಜೋಡಿಸಿಟ್ಟಿದೆ," ಎಂದರು ಪತ್ತೇದಾರ ಕುರೋದಾ, ಶ್ರೀಹರಿಯ ಕೋಣೆಯಲ್ಲಿ ನಿಂತು. "ನಮ್ಮ ಜಪಾನಿನಲ್ಲಿ ಸಾಯಲು ಹೊರಟವರು ಬೂಟು ಬಿಚ್ಚಿಡುವುದುಂಟು. ಅವರಿಗೆ ಏನಾದರೂ ಚಿಂತೆ ಇತ್ತೇ?"

"ಕುರೋದಾ ಸಾನ್, ಅವನು ಎರಡು ತಿಂಗಳಲ್ಲಿ ಅಪ್ಪ ಆಗುವವನಿದ್ದ," ಎಂದಳು ವೇದವಲ್ಲಿ.

"ಅದೂ ಒಂದು ಚಿಂತೆಯೇ."

ವೇದವಲ್ಲಿಯೂ ಶ್ರೀಹರಿಯೂ ಟೋಕಿಯೋ ಹತ್ತಿರದ ಕಾಶಿವಾ ಊರಿನ ಒಂದೇ ಲ್ಯಾಬಿನವರು. ಹಳೆಯ ಚರ್ಮದ ಹಾಳೆಗಳ ಚಿತ್ರ ತೆಗೆದು, ಮಾಸಿದ ಅಕ್ಷರ ಓದುವುದು ಅಲ್ಲಿನ ಕೆಲಸ. ವಾರವಿಡೀ ಶ್ರೀಹರಿ ಹಾಸ್ಟೆಲಿನಲ್ಲಿ ಅವಳ ಪಕ್ಕದ ಕೋಣೆಯಲ್ಲಿ ಇರುತ್ತಿದ್ದ. ಶನಿವಾರ ಮಾತ್ರ ಟೋಕಿಯೋದ ನಿಶಿ ಕಸಾಯಿ ಬಡಾವಣೆಗೆ, ಹೆಂಡತಿ ಪ್ರಣತಿಯ ಮನೆಗೆ.

ಅವಳ ಕಣ್ಣು ಗೋಡೆಗೆ ಹೋಯಿತು. ನಾಲ್ಕು ತುಂಡು ನೀಲಿ ಟೇಪು. ಒಂದೊಂದರ ಅಡಿಯಲ್ಲೂ ಹರಿದ ಕಾಗದದ ಮೂಲೆ. ನಡುವೆ ಖಾಲಿ.

ಆ ಟೇಪು ಅವಳದೇ. ಹಿಂದಿನ ರಾತ್ರಿ ಒಂಬತ್ತಕ್ಕೆ ಶ್ರೀಹರಿ ಬಂದು ಕೇಳಿ ಪಡೆದಿದ್ದ. "ನಮ್ಮ ರಾಜನ ವಂಶವೃಕ್ಷದ ಹಳೇ ಚಾರ್ಟ್ ಹರಿದು ಹಾಕ್ಬಿಟ್ಟೆ ವೇದಾ. ಎಲ್ಲಾ ತಪ್ಪು. ಹೊಸದು ಬರೆದಿದೀನಿ, ಬೆಳಿಗ್ಗೆ ನೋಡಿ ನಗು ನೀನು," ಎಂದಿದ್ದ.

ಬೆಳಗಾಗುವಷ್ಟರಲ್ಲಿ ಆ ಚಾರ್ಟನ್ನು ಯಾರು ಕಿತ್ತರು?

* * *

ಮೊದಲು ಅವಳಿಗೆ ಅನುಮಾನ ಬಂದದ್ದು ಅದೇ ಲ್ಯಾಬಿನ ಅಮಿತ್ ಮೇಲೆ. ಕ್ಯಾಮೆರಾದ ಸರದಿಗಾಗಿ ಹಿಂದಿನ ವಾರವಷ್ಟೇ ಶ್ರೀಹರಿಯೊಡನೆ ಕಿತ್ತಾಡಿದ್ದ. ಅವನ ಕೊಡೆ ಶ್ರೀಹರಿಯ ಬಾಗಿಲಲ್ಲೇ ಇತ್ತು.

"ನಾನು ಆ ರಾತ್ರಿ ಒಸಾಕಾದಲ್ಲಿದ್ದೆ," ಎಂದ ಅಮಿತ್. ರೈಲಿನ ಟಿಕೆಟ್ಟು, ಹೋಟೆಲಿನ ರಸೀದಿ ಎರಡನ್ನೂ ಮೇಜಿನ ಮೇಲಿಟ್ಟ. "ಕೊಡೆ ಮಂಗಳವಾರ ಮರೆತದ್ದು. ನೀನೂ ಪೊಲೀಸಾದ್ಯಾ ವೇದಾ? ಅವನ ಜೊತೆ ಜಗಳ ಆಡೋಕೆ ಇನ್ನು ಸಿಗಲ್ಲವಲ್ಲ ಅಂತ ನನಗೆ ಹೊಟ್ಟೆ ಉರೀತಿದೆ."

ಅವನ ಕಣ್ಣು ಕೆಂಪಾಗಿತ್ತು. ರಸೀದಿಯೂ ಸರಿಯಾಗಿತ್ತು.

ಸಂಜೆ ಪ್ರಣತಿಯ ಫೋನ್ ಬಂತು. "ಅಕ್ಕಾ, ಪೊಲೀಸ್ರು ಸೂಸೈಡ್ ಅಂತ ಬರೀತಾರಂತೆ. ಅವನು ನನ್ನ ಬಿಟ್ಟು ಹೋದನಾ? ನನಗೆ ಅದೊಂದು ಗೊತ್ತಾಗ್ಬೇಕು. ಹುಟ್ಟೋ ಮಗುಗೆ ನಾನೇನು ಹೇಳ್ಲಿ?"

"ಕಂಡುಹಿಡೀತೀನಿ," ಎಂದಳು ವೇದವಲ್ಲಿ. ಆ ರಾತ್ರಿ ಬಾಗಿಲು ತೆರೆಯದ ಕೈಯಲ್ಲೇ ಫೋನ್ ಹಿಡಿದಿದ್ದಳು.

* * *

ಹನ್ನೊಂದನೆಯ ದಿನ ನಿಶಿ ಕಸಾಯಿಯ ಮನೆಯಲ್ಲಿ ಕರ್ಮ ಮುಗಿಯಿತು. ಬಂದವರು ಊಟ ಮಾಡಿ ಹೋದರು. ಪ್ರಣತಿ ಒಳಗೆ ಮಲಗಿದಳು. ಉಳಿದವರು ವೇದವಲ್ಲಿ ಮತ್ತು ಪ್ರಣತಿಯ ತಾಯಿ ಸತ್ಯವತಿ, ಬಾಣಂತನಕ್ಕೆಂದು ಬೆಂಗಳೂರಿನಿಂದ ಬಂದವರು.

ಈ ಮದುವೆ ಅವರಿಗೆ ಬೇಡವಾಗಿತ್ತು. ಹುಡುಗ ಹುಡುಗಿ ಒಂದೇ ಗೋತ್ರ, ಲೆಕ್ಕದಲ್ಲಿ ಅಣ್ಣ ತಂಗಿ. ಇಬ್ಬರೂ ಯಾರಿಗೂ ಹೇಳದೆ ಟೋಕಿಯೋದ ರಾಯಭಾರ ಕಚೇರಿಯಲ್ಲಿ ನೋಂದಣಿ ಮಾಡಿಸಿಕೊಂಡಿದ್ದರು.

"ಅವನ ತಲೆ ಮೊದಲೇ ಕೆಟ್ಟಿತ್ತು ಕಣಮ್ಮ," ಎಂದರು ಸತ್ಯವತಿ, ಒಣಗಿದ ಬಟ್ಟೆ ತರಲು ಬಾಲ್ಕನಿಗೆ ನಡೆಯುತ್ತಾ. "ಹಗಲೂ ರಾತ್ರಿ ಅದೇ ಓದು. ತಂಗೀನ ಕಟ್ಟಿಕೊಂಡ ಆ ರಾಜನ ಕಥೆ."

ಅವರು ಬಾಲ್ಕನಿಯ ಅಲ್ಯೂಮಿನಿಯಂ ಹೊಸ್ತಿಲು ದಾಟಿದರು. ಬರಿಗಾಲು. ಕಾಲುಂಗುರ ಲೋಹಕ್ಕೆ ತಗಲಿತು.

ಟಿಣ್.

ವೇದವಲ್ಲಿ ಕೈಯ ಲೋಟವನ್ನು ಕೆಳಗಿಟ್ಟಳು.

* * *

"ಆಂಟಿ, ಕೂತ್ಕೊಳ್ಳಿ."

"ಬಟ್ಟೆ ಮಡಿಸ್ಬೇಕು."

"ಆಮೇಲೆ ಮಡಿಸೋಣ. ಆ ರಾಜನ ಹೆಂಡತಿ ಅವನಿಗೆ ತಂಗಿ ಅಂತ ನಿಮಗೆ ಯಾರು ಹೇಳಿದ್ದು?"

"ಶ್ರೀಹರಿನೇ. ಇಲ್ಲೇ ಊಟಕ್ಕೆ ಕೂತಾಗ."

"ಇಲ್ಲಿ ಕೂತಾಗ ಅವನು ಹೇಳಿದ್ದು ಸೋದರತ್ತೆ ಮಗಳು ಅಂತ. ನಾನೂ ಇದ್ದೆ. 'ನಮ್ಮಲ್ಲಾಗಿದ್ರೆ ಚಪ್ಪರ ಹಾಕಿಸಿ ಊಟ ಹಾಕ್ತಿದ್ರು, ಅಲ್ವಾ ಅತ್ತೆ' ಅಂತ ನಿಮ್ಮನ್ನೇ ಛೇಡಿಸಿದ್ದ."

ಸತ್ಯವತಿ ಸೀರೆಯೊಂದನ್ನು ಮಡಿಸತೊಡಗಿದರು.

"ಸಾವಿರ ವರ್ಷದ ಹಿಂದಿನ ಮಾತು," ವೇದವಲ್ಲಿ ದನಿ ತಗ್ಗಿಸಿದಳು. "ಎಡ್ವಿಗ್ ಅಂತ ಇಂಗ್ಲೆಂಡಿನ ರಾಜ, ಇನ್ನೂ ಹುಡುಗ. ಮಠಗಳನ್ನ ಸುಧಾರಿಸ್ತೀವಿ ಅಂತ ಹೊರಟ ಸನ್ಯಾಸಿಗಳಿಗೂ ಅವನಿಗೂ ಆಗಲಿಲ್ಲ. ದೊಡ್ಡ ಗುರು ಅವನ ಮದುವೆ ಮುರಿದರು. ಗಂಡ ಹೆಂಡತಿ ಹತ್ತಿರದ ಸಂಬಂಧಿಗಳು ಅನ್ನೋದು ಕಾರಣ. ಎಂಥ ಸಂಬಂಧ ಅನ್ನೋದು ಈಗಲೂ ಊಹೆ. ಶ್ರೀಹರಿ ತನ್ನ ಊಹೆ ಬದಲಾಯಿಸಿದ್ದು ಆ ರಾತ್ರಿ. ಅಣ್ಣ ತಮ್ಮಂದಿರ ಸಂತತಿ ಅಂತ ಹೊಸ ಚಾರ್ಟ್ ಬರೆದಿದ್ದ. ಇವತ್ತು ಬೆಳಿಗ್ಗೆ ಅವನ ಲ್ಯಾಪ್‌ಟಾಪಲ್ಲಿ ಅದರ ಕಚ್ಚಾ ಪ್ರತಿ ನೋಡಿದೆ. ಎಂಟೂವರೆ ಗಂಟೆಯದು. ಯಾರಿಗೂ ಕಳಿಸಿಲ್ಲ. ಗೋಡೆಗೆ ಹಚ್ಚಿದ್ದು ಒಂಬತ್ತರ ಮೇಲೆ, ನನ್ನ ಟೇಪಿಂದ."

"ಅದಕ್ಕೇನೀಗ?"

"ಅದನ್ನ ಜಪಾನಿನವರು ನೋಡಿದ್ರೆ ದೂರದ ಸಂಬಂಧ ಅಂತಾರೆ. ತಂಗಿ ಅನ್ನೋರು ನಾವು ಮಾತ್ರ. ಅದನ್ನ ಗೋಡೆ ಮೇಲೆ ನೋಡಿದವರಿಗೆ ಮಾತ್ರ ಅದು ಗೊತ್ತಾಗೋದು, ಅಂದ್ರೆ ನೀವು ಆ ರಾತ್ರಿ ಅವನ ಕೋಣೆಲಿದ್ರಿ. ಬರಿಗಾಲಲ್ಲಿ ಮೆಟ್ಟಿಲಿಳಿದ್ರಿ. ನಿಮ್ಮ ಕಾಲುಂಗುರದ ಸದ್ದು ನಾನು ಬಾಗಿಲ ಹಿಂದೆ ನಿಂತು ಕೇಳಿದೆ."

ಸತ್ಯವತಿ ಎದ್ದು ಸೂಟ್‌ಕೇಸ್ ತೆರೆದರು. ಪಂಚಾಂಗದ ಒಳಗಿನಿಂದ ಮಡಿಸಿದ ಕಾಗದ ತೆಗೆದು ಅವಳ ಮುಂದಿಟ್ಟರು. ನಾಲ್ಕೂ ಮೂಲೆ ಹರಿದಿದ್ದವು.

"ಪ್ರಣತಿ ಒಂಬತ್ತಕ್ಕೇ ಮಲಗಿದ್ಲು. ರೈಲು ಹಿಡಿದು ಹೋದೆ. ಈ ಮದುವೆ ಮದುವೆನೇ ಅಲ್ಲ ಅಂತ ಮಠದಿಂದ ಬರೆಸಿಕೊಂಡು ಬಂದಿದ್ದೆ. ಒಂದು ರುಜು ಹಾಕು, ಅವಳನ್ನ ಬಿಟ್ಟುಬಿಡು ಅಂದೆ. ಅವನು ನಕ್ಕ. ಗೋಡೆ ತೋರಿಸಿದ. 'ನೋಡಿ ಅತ್ತೆ, ನಮ್ಮ ಥರಾನೇ. ಇವರನ್ನೂ ಮಠದವರೇ ಬೇರೆ ಮಾಡಿದ್ದು. ಈಗ ಆ ಗುರುವಿನ ಹೆಸರು ಯಾರಿಗೆ ನೆನಪಿದೆ?' ಅಂದ."

"ಆಮೇಲೆ?"

"ಕಿತ್ತುಕೊಂಡು ಹೊರಗೆ ಬಂದೆ. ಚಪ್ಪಲಿ ಕೈಯಲ್ಲೇ ಇತ್ತು. ಅವನೂ ಬೂಟು ಹಾಕದೆ ಹಾಗೇ ಓಡಿ ಬಂದ. ಕಾಗದಾನ ಕಂಬಿಯಾಚೆ ಹಿಡಿದೆ. ಬಿಡ್ಬೇಡಿ ಅತ್ತೆ ಅಂತ ಬಗ್ಗಿದ." ಸೀರೆಯ ಅಂಚನ್ನು ಬೆರಳಿಂದ ನೀವಿದರು. "ತಳ್ಳಿದೆ. ಕಾಗದ ಕೈಯಲ್ಲೇ ಉಳೀತು."

"ಪ್ರಣತಿಗೆ?"

"ನೀನು ಹೇಳು ಬೇಕಾದ್ರೆ. ನನ್ನ ಕರ್ಕೊಂಡು ಹೋಗ್ಲಿ. ಬಾಣಂತನಕ್ಕೆ ಮಾತ್ರ ಅವಳಿಗೆ ಇಲ್ಲಿ ಇನ್ಯಾರೂ ಇಲ್ಲ."

ಅದು ಬೇಡಿಕೆಯೋ ಬೆದರಿಕೆಯೋ ವೇದವಲ್ಲಿಗೆ ತಿಳಿಯಲಿಲ್ಲ. ಮಾತು ನಿಜ ಎಂಬುದಷ್ಟೇ ತಿಳಿಯಿತು.

* * *

ಒಳಗಿನ ಬಾಗಿಲು ಸರಿಯಿತು. ಪ್ರಣತಿ ಹೊಟ್ಟೆಯ ಮೇಲೆ ಕೈಯಿಟ್ಟು ನಿಂತಿದ್ದಳು. ವೇದವಲ್ಲಿ ಕಾಗದವನ್ನು ಚೀಲಕ್ಕೆ ಸರಿಸಿದಳು.

"ಅಕ್ಕಾ, ಏನಾದ್ರೂ ಗೊತ್ತಾಯ್ತಾ? ಅವನೇ ಹಾರಿದನಾ?"

ಸತ್ಯವತಿ ಸೀರೆಯಿಂದ ತಲೆಯೆತ್ತಲಿಲ್ಲ.

"ಇಲ್ಲ," ಎಂದಳು ವೇದವಲ್ಲಿ. "ಹಾರಲಿಲ್ಲ. ಗಾಳಿಗೆ ಒಂದು ಕಾಗದ ಹಾರಿತ್ತು. ಹಿಡಿಯೋಕೆ ಬಗ್ಗಿದ, ಸಾಕ್ಸಲ್ಲಿ ಕಾಲು ಜಾರಿತು. ನಾನು ಕಿಟಕಿಯಿಂದ ನೋಡಿದೆ. ಹೆದರಿ ಇಷ್ಟು ದಿನ ಹೇಳಿರಲಿಲ್ಲ. ನಾಳೆ ಕುರೋದಾ ಸಾನ್‌ಗೂ ಹೇಳ್ತೀನಿ."

ಪ್ರಣತಿ ಅಲ್ಲೇ ಕುಸಿದು ಅತ್ತಳು. ಹನ್ನೊಂದು ದಿನದಲ್ಲಿ ಮೊದಲ ಸಲ. ತಾಯಿ ಹೋಗಿ ಅವಳ ತಲೆಯನ್ನು ಮಡಿಲಿಗೆಳೆದುಕೊಂಡರು. ಆ ಕೈಗಳನ್ನು ನೋಡಲಾಗದೆ ವೇದವಲ್ಲಿ ಚಪ್ಪಲಿ ಮೆಟ್ಟಿದಳು.

ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಚಾರ್ಟ್ ಬಿಡಿಸಿದಳು. ಎಡ್ವಿಗ್‌ನ ಕಥೆಯಲ್ಲಿ ನಮಗೆ ಸಿಕ್ಕಿರುವುದು ಸನ್ಯಾಸಿಗಳ ಕಡೆಯವನು ಎಷ್ಟೋ ವರ್ಷ ಕಳೆದ ಮೇಲೆ ಬರೆದದ್ದು. ಹೆಂಡತಿಯ ಮಾತು ಅದರಲ್ಲಿ ಒಂದೂ ಇಲ್ಲ. 'ಬರೆದವನು ಆ ಕೋಣೆಯಲ್ಲಿರಲಿಲ್ಲ, ನಂಬಬೇಡಿ' ಎಂದು ವೇದವಲ್ಲಿ ತನ್ನ ಪ್ರಬಂಧದಲ್ಲಿ ಬರೆದಿದ್ದಳು. ಅವಳಾದರೋ ಬಾಗಿಲ ಹಿಂದೆಯೇ ಇದ್ದಳು.

ಕಾಗದವನ್ನು ಎರಡಾಗಿ ಹರಿದಳು. ಮತ್ತೆ ನಾಲ್ಕಾಗಿ. ರಾಜ ಒಂದು ತುಂಡಿನಲ್ಲಿ ಉಳಿದ, ರಾಣಿ ಇನ್ನೊಂದರಲ್ಲಿ. ಎಲ್ಲವನ್ನೂ ಪಕ್ಕದ ಕೊಂಬಿನಿ ಅಂಗಡಿಯಲ್ಲಿ ಸುಡುವ ಕಸಕ್ಕೆಂದು ಇಟ್ಟಿದ್ದ ಡಬ್ಬಿಗೆ ಹಾಕಿದಳು. ಇನ್ನು ಇದನ್ನು ಯಾರಿಗೂ ಹೇಳುವುದಿಲ್ಲ.

ರೈಲು ಬಂತು. ಹತ್ತಿದವಳು ಬಾಗಿಲು ಮುಚ್ಚಿದೆಯೇ ಎಂದು ನೋಡಿದಳು. ಇನ್ನೊಮ್ಮೆ ನೋಡಿದಳು.