ಗ್ರೇಡ್ ಮಾಡಿದವರು: ಪವಿತ್ರ

ಗ್ರೇಡ್ ಜಾಸ್ತಿ ಹಾಕಿದ್ದೀರಿ ಎಂದು ಬೈಯುವವರನ್ನು ಚನ್ನಕೇಶವ ಬೇಕಾದಷ್ಟು ಕಂಡಿದ್ದ. ಕಡಿಮೆ ಹಾಕಿದ್ದೀರಿ ಎಂದು ಜಗಳಕ್ಕೆ ಬಂದವಳು ಇವಳೊಬ್ಬಳೇ.

ಚಿಂತಾಮಣಿ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವನದೊಂದು ಜೆರಾಕ್ಸ್, ಡಿಟಿಪಿ ಅಂಗಡಿ. ಹೊಟ್ಟೆಪಾಡಿಗೆ ಅದು, ಹುಚ್ಚಿಗೆ ಹಳೆಯ ಕನ್ನಡ ಕಾಮಿಕ್ಸು. ಗುಜರಿ ಅಂಗಡಿಯ ದಸ್ತಗಿರ್ ಸಾಬರ ಬಳಿ ಬರುವ ರದ್ದಿಯಲ್ಲಿ ಹುಡುಕಿ ತೆಗೆದು, ಒಂದರಿಂದ ಹತ್ತರವರೆಗೆ ಗ್ರೇಡ್ ಹಾಕಿ, ವಾರವಾರ ಆನ್‌ಲೈನ್ ಹರಾಜಿಗಿಡುತ್ತಿದ್ದ. ಹತ್ತು ಎಂದರೆ ಈಗಷ್ಟೇ ಪ್ರೆಸ್ಸಿನಿಂದ ಬಂದಂತಿರಬೇಕು. ಒಂದು ಎಂದರೆ ಹಾಳೆಗಳು ಒಟ್ಟಿಗಿರುವುದೇ ಪುಣ್ಯ. ಭಾನುವಾರ ಸಂಜೆ ಆರಕ್ಕೆ ಹರಾಜು ಮುಗಿಯುತ್ತಿತ್ತು. ಮೈಸೂರು, ದಾವಣಗೆರೆ, ಮಂಗಳೂರಿನ ಸಂಗ್ರಾಹಕರು ಅವನ ಗ್ರೇಡನ್ನು ನಂಬಿ, ಪುಸ್ತಕವನ್ನು ಮುಟ್ಟಿಯೂ ನೋಡದೆ ಕೊಳ್ಳುತ್ತಿದ್ದರು. ಆ ನಂಬಿಕೆಯ ಬಗ್ಗೆ ಅವನಿಗೆ ಸ್ವಲ್ಪ ಜಂಬವೂ ಇತ್ತು ಅನ್ನಿ.

ಹಾಗಿರುವಾಗ ಒಂದು ಪುಸ್ತಕ ಕೊಂಡ ಪವಿತ್ರ ಎಂಬುವಳಿಂದ ಬಂದ ಮೆಸೇಜು ಇದು: "ಸರ್, ನೀವು ನಾಲ್ಕು ಅಂತ ಹಾಕಿದ್ದೀರಿ. ಇದು ಏಳೂವರೆ. ನಿಮಗೆ ಮೋಸ ಆಗಿದೆ. ವಾಪಸ್ ಕಳಿಸಲಾ?"

ಜೊತೆಗೊಂದು ಫೋಟೋ. ಅವನು ಕಳಿಸಿದ ಸಂಚಿಕೆಯ ತುಂಬ ಬಿಳಿ ಬೂಷ್ಟು ಹಿಡಿದಿತ್ತು. ಈ ಫೋಟೋದಲ್ಲಿರುವುದು ಮುಖ ತೊಳೆದಂತೆ ಹೊಳೆಯುತ್ತಿತ್ತು. ಬೇರೆ ಕಾಪಿ ತೋರಿಸಿ ಏನೋ ಆಟ ಕಟ್ಟುತ್ತಿದ್ದಾರೆ ಎಂದುಕೊಂಡ. ಕೋಪ ಅವನಿಗೆ ಮೊದಲೇ ಮೂಗಿನ ತುದಿಯಲ್ಲಿ. ಇಂಥ ಆಟಗಳನ್ನು ಬೇಕಾದಷ್ಟು ನೋಡಿದ್ದೀನಿ ಎಂದು ಬರೆದ. ಹಾಗಾದರೆ ಬಂದು ಪುಸ್ತಕವನ್ನೇ ನೋಡಿ, ದೂರವೇನಿಲ್ಲ ಎಂದು ಅವಳು ವಿಳಾಸ ಕಳಿಸಿದಳು. ಅಂಬಾಜಿದುರ್ಗದ ಬೆಟ್ಟದ ಕೆಳಗಿನ ಊರು, ಅವನ ಬೈಕಿಗೆ ಅರ್ಧ ಗಂಟೆಯ ದಾರಿ.

ಜಗಳಕ್ಕೆ ಹೊರಟವನು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡ, ಸೆಂಟೂ ಹೊಡೆದುಕೊಂಡ.

ರೇಷ್ಮೆ ಹುಳು ಸಾಕುವ ಮನೆಯ ಬಾಗಿಲಲ್ಲೇ ಅವಳು ಅವನನ್ನು ತಡೆದಳು. ಸೊಂಟಕ್ಕೆ ಸಿಕ್ಕಿಸಿದ ದುಪಟ್ಟಾ, ಬೆರಳುಗಳಲ್ಲಿ ಹಿಪ್ಪುನೇರಳೆ ಸೊಪ್ಪಿನ ಹಸಿರು. ಮೂಗು ಸ್ವಲ್ಪ ಅರಳಿಸಿ ಗಾಳಿ ಎಳೆದುಕೊಂಡಳು, ಎರಡು ಹೆಜ್ಜೆ ಹಿಂದೆ ಹೋದಳು.

"ಸೆಂಟ್ ಹಾಕ್ಕೊಂಡ್ ಬಂದಿದ್ದೀರಾ? ಒಳಗೆ ಬರ್ಬೇಡಿ. ನನ್ನ ಹುಳ ಸಾಯ್ತವೆ."

ಬೈಸಿಕೊಳ್ಳಲು ಬೇರೆ ಕಾರಣಗಳಿಗೆ ಸಿದ್ಧನಾಗಿ ಬಂದಿದ್ದ ಚನ್ನಕೇಶವ ಪೆಚ್ಚಾಗಿ ಅಂಗಳದಲ್ಲೇ ನಿಂತ. ಜಗಲಿಯಲ್ಲಿ ಕೂತಿದ್ದ ಅವಳ ಅಜ್ಜಿ ಮುನಿಗಂಗಮ್ಮ, "ಏಮಪ್ಪಾ, ಮದುವೆ ಮನೆಗೆ ಹೊರಟಿದ್ಯಾ?" ಎಂದು ಕೇಳಿದಾಗ ಅವನ ಕಿವಿ ಕೆಂಪಾಯಿತು.

ಪವಿತ್ರ ಪುಸ್ತಕ ತಂದು ಅವನ ಕೈಗಿಟ್ಟಳು. ಹಿಂಬದಿಯ ಪುಟದ ಮೂಲೆಯಲ್ಲಿ ತಾನೇ ಸಣ್ಣದಾಗಿ ಪೆನ್ಸಿಲ್ಲಿನಲ್ಲಿ ಹಾಕಿದ್ದ ಗುರುತು ಅಲ್ಲೇ ಇತ್ತು. ಅದೇ ಕಾಪಿ. ಬೂಷ್ಟು ಮಾತ್ರ ಇರಲಿಲ್ಲ.

ಅದು ಬೂಷ್ಟಾಗಿರಲೇ ಇಲ್ಲ ಎಂದು ಅವಳು ಹೇಳಿದಳು. ರೇಷ್ಮೆ ಹುಳುಗಳು ಪೊರೆ ಬಿಡುವಾಗ ಸೊಪ್ಪು ತಿನ್ನದೆ ಒಂದು ದಿನ ಸುಮ್ಮನೆ ತಲೆಯೆತ್ತಿ ಕೂರುತ್ತವೆ. ಅದಕ್ಕೆ ಜ್ವರ ಎನ್ನುತ್ತಾರೆ. ಆಗ ತಟ್ಟೆಗಳ ಮೇಲೆ ಸುಣ್ಣದ ಪುಡಿ ಉದುರಿಸುತ್ತಾರೆ. ಈ ಪುಸ್ತಕ ಯಾವುದೋ ಹುಳು ಮನೆಯ ಅಟ್ಟದಲ್ಲಿದ್ದದ್ದು. ಆ ಪುಡಿಯೇ ಮೇಲೆ ಕೂತು ಕಾಗದಕ್ಕೆ ತೇವ ತಗಲದಂತೆ ಕಾಪಾಡಿದೆ. ಮರಿ ಹುಳುಗಳನ್ನು ಸರಿಸುವ ಕೋಳಿ ಗರಿಯಿಂದ ಮೆತ್ತಗೆ ಗುಡಿಸಿದ್ದಷ್ಟೇ ತಾನು ಮಾಡಿದ್ದು ಎಂದಳು.

ರೇಷ್ಮೆ ಸೀಮೆಯಲ್ಲೇ ಹುಟ್ಟಿ, ಸುಣ್ಣವನ್ನು ಬೂಷ್ಟೆಂದು ಹರಾಜು ಹಾಕಿದ್ದ ಮಹಾನುಭಾವ ಅಲ್ಲಿಯೇ ಕೈ ಮುಗಿದು ಕ್ಷಮೆ ಕೇಳಿದ. ಸುಮ್ಮನಿದ್ದಿದ್ದರೆ ಅವಳಿಗೇ ಲಾಭವಿತ್ತಲ್ಲ, ಯಾಕೆ ಹೇಳಿದಳು ಎಂದು ಕೇಳದಿರಲು ಅವನಿಂದಾಗಲಿಲ್ಲ.

"ನಾಲ್ಕಲ್ಲದ್ದಕ್ಕೆ ನಾಲ್ಕು ಅಂತ ಬರ್ದಿದ್ರೆ ನಂಗೆ ನಿದ್ದೆ ಬರಲ್ಲ," ಎಂದಳು ಪವಿತ್ರ. ಆಮೇಲೆ ನಕ್ಕಳು. ನಗುವಾಗ ಅವಳ ಎಡಗಣ್ಣು ಬಲಗಣ್ಣಿಗಿಂತ ಒಂದು ಗಳಿಗೆ ಮೊದಲು ಕಿರಿದಾಗುತ್ತಿತ್ತು. ಅದನ್ನು ಚನ್ನಕೇಶವ ಗಮನಿಸಿದ್ದೇ ತಪ್ಪಾಯಿತು. ವಾಪಸ್ಸು ಬರುವಾಗ ಮುರುಗಮಲ್ಲದ ಕಡೆ ತಿರುಗಿ ಹತ್ತು ಕಿಲೋಮೀಟರ್ ಹೋದ ಮೇಲೆ ದಾರಿ ತಪ್ಪಿರುವುದು ಗೊತ್ತಾಯಿತು.

ಹೀಗೆ ಶುರುವಾದದ್ದು. ಮುಂದಿನ ಸಂಚಿಕೆಗಳನ್ನು ಅವಳಿಗೇ ಒಯ್ದು ತೋರಿಸತೊಡಗಿದ. ಅಪ್ಪ ಅಮ್ಮ ಹೋದ ಮೇಲೆ ಅಜ್ಜಿಯ ಮಡಿಲಲ್ಲಿ ಬೆಳೆದ ಪವಿತ್ರ ಅಕ್ಷರ ಕಲಿತದ್ದೇ ಹುಳುವಿನ ತಟ್ಟೆಯ ಕೆಳಗೆ ಹಾಸಿದ ಹಳೆಯ ಕಾಮಿಕ್ಸಿನಲ್ಲಂತೆ. ಕಥೆಯ ಕೊನೆಯ ಪುಟ ಯಾವಾಗಲೂ ಹರಿದುಹೋಗಿರುತ್ತಿದ್ದುದರಿಂದ, ಯಾವ ಪುಸ್ತಕ ಕೈಗೆ ಬಂದರೂ ಮೊದಲು ಹಾಳೆ ಎಣಿಸುವುದು ಅವಳ ಅಭ್ಯಾಸ. ಬೆನ್ನಿನ ಮೇಲೆ ಬೆರಳಾಡಿಸಿ ಎಷ್ಟು ಸಲ ಮಡಚಿದ್ದಾರೆಂದು ಹೇಳುತ್ತಿದ್ದಳು. ಪಿನ್ನಿನ ತುಕ್ಕು ನೋಡಿ ಎಷ್ಟು ಮಳೆಗಾಲ ಕಂಡಿದೆ ಎನ್ನುತ್ತಿದ್ದಳು. ಅವಳ ಮಾತು ಒಂದು ಸಲವೂ ಸುಳ್ಳಾಗಲಿಲ್ಲ.

ಮೂರನೇ ವಾರದಿಂದ ಹರಾಜಿನ ಪುಟದಲ್ಲಿ ಪ್ರತಿ ಪುಸ್ತಕದ ಕೆಳಗೆ ಅವನೊಂದು ಸಾಲು ಸೇರಿಸಿದ: ಗ್ರೇಡ್ ಮಾಡಿದವರು: ಪವಿತ್ರ. ಸಂಗ್ರಾಹಕರು ಬಲು ಬೇಗ ಆ ಹೆಸರಿಗೆ ಒಗ್ಗಿಕೊಂಡರು. ಪವಿತ್ರ ಅವರು ನೋಡಿದ್ದಾರಾ ಎಂದು ಕೇಳಿ ಆಮೇಲೆ ಬಿಡ್ ಹಾಕುವವರೂ ಇದ್ದರು.

ಅವಳಿಗೆ ಬಿಡುವಿರುತ್ತಿದ್ದುದು ಹುಳುಗಳು ಜ್ವರಕ್ಕೆ ಕೂತ ದಿನ ಮಾತ್ರ. ಒಂದು ಬೆಳೆಗೆ ನಾಲ್ಕು ಜ್ವರ. ಬೇರೆಯವರು ಕ್ಯಾಲೆಂಡರಿನಲ್ಲಿ ಹಬ್ಬ ಎಣಿಸಿದರೆ ಚನ್ನಕೇಶವ ಹುಳುಗಳ ಜ್ವರ ಎಣಿಸುತ್ತಿದ್ದ. ಬೆಳಿಗ್ಗೆ ಬೆಳಿಗ್ಗೆ ಫೋನ್ ಮಾಡಿ ಹುಳ ಹೇಗಿವೆ ಎಂದು ಕೇಳುವವನು ಇಡೀ ತಾಲ್ಲೂಕಿನಲ್ಲಿ ಅವನೊಬ್ಬನೇ ಇದ್ದಿರಬೇಕು.

"ನೀವು ಹುಳ ವಿಚಾರ್ಸೋದಾ, ಇಲ್ಲ ನನ್ನಾ?" ಎಂದು ಒಮ್ಮೆ ಅವಳು ಕೇಳಿದ್ದಳು.

"ಹುಳನ ಕೇಳಿದ್ರೆ ನಿಮ್ಮ ವಿಷಯಾನೂ ಬರುತ್ತಲ್ಲ," ಎಂದಿದ್ದ. ಅವಳು ಪುಸ್ತಕದಿಂದ ತಲೆ ಎತ್ತಲಿಲ್ಲ. ಆದರೆ ಎಣಿಸುತ್ತಿದ್ದ ಹಾಳೆ ತಪ್ಪಿ, ಮೊದಲಿನಿಂದ ಎಣಿಸಿದಳು. ಅಷ್ಟು ಸಾಕಾಗಿತ್ತು ಅವನಿಗೆ, ಒಂದು ವಾರ ಅದನ್ನೇ ನೆನೆದು ಖುಷಿಪಟ್ಟ.

ತೊಂದರೆ ಬಂದದ್ದು 'ಚುಕ್ಕಿ ಸವಾರ' ಎಂಬ ಕಾಮಿಕ್ಸಿನ ಮೊದಲ ಸಂಚಿಕೆಯಿಂದ. ಅದು ಮಂಡಿಕಲ್ಲಿನ ಗಂಗುಲಮ್ಮ ಎಂಬ ಮುದುಕಿಯ ಪೆಟ್ಟಿಗೆಯಲ್ಲಿ ಅವನಿಗೆ ಸಿಕ್ಕಿತ್ತು. ಕನ್ನಡದಲ್ಲಿ ಇನ್ನೆರಡು ಕಾಪಿ ಉಳಿದಿದ್ದರೆ ಹೆಚ್ಚು ಎಂದು ಸಂಗ್ರಾಹಕರು ಹೇಳುತ್ತಿದ್ದರು. ಪವಿತ್ರಳಿಗೆ ಅದು ಸಿಕ್ಕಿದ್ದು ನಾಲ್ಕನೇ ಜ್ವರ ಎದ್ದ ಹುಳುಗಳು ಹಗಲೂ ರಾತ್ರಿ ಸೊಪ್ಪು ಬೇಡುವ ವಾರದಲ್ಲಿ. ಎರಡು ಮಂಕರಿ ಸೊಪ್ಪಿನ ನಡುವೆ ನಿಂತುಕೊಂಡೇ ನೋಡಿ, ಹಾಳೆ ಎಣಿಸಿ, ಎಂಟು ಎಂದಳು. ಸೋಮವಾರ ಹರಾಜು ತೆರೆಯಿತು. ಗುರುವಾರದ ಹೊತ್ತಿಗೆ ಬಂದಷ್ಟು ಬಿಡ್ ಅವನ ಪುಟ ಎಂದೂ ಕಂಡಿರಲಿಲ್ಲ.

ಶನಿವಾರ ಮೈಸೂರಿನ ಒಬ್ಬರು ನಡುಹಾಳೆಯ ಫೋಟೋ ಕೇಳಿದರು. ತೆಗೆಯಲು ಹೋದ ಚನ್ನಕೇಶವ ಪುಸ್ತಕವನ್ನು ಬೆಳಕಿಗೆ ಹಿಡಿದ. ನಡುವಿನ ನಾಲ್ಕು ಪುಟ ಉಳಿದವುಗಳಿಗಿಂತ ಬೆಳ್ಳಗಿದ್ದವು. ಯಾವುದೋ ಮರುಮುದ್ರಣದಿಂದ ತೆಗೆದು ಸೇರಿಸಿದ್ದು. ಎಣಿಕೆ ಸರಿಯಿತ್ತು, ಕಾಗದ ಬೇರೆ. ಎಂಟಿರಲಿ, ಇದಕ್ಕೆ ಮೂರೂ ಕಷ್ಟ.

ಗಂಗುಲಮ್ಮನಿಗೆ ಫೋನ್ ಮಾಡಿದ. ಹೌದಪ್ಪ ಎಂದಳು ಮುದುಕಿ. ಮಗಳು ಚಿಕ್ಕವಳಿದ್ದಾಗ ನಡುಹಾಳೆ ಹರಿದುಕೊಂಡು ಅತ್ತಿದ್ದಕ್ಕೆ, ಅವಳಪ್ಪ ಬೇರೆ ಪುಸ್ತಕ ತಂದು ಆ ನಾಲ್ಕು ಪುಟ ಬಿಚ್ಚಿ ಇದಕ್ಕೆ ಪಿನ್ನು ಹೊಡೆದಿದ್ದನಂತೆ.

ಅವನು ಎರಡನೇ ಯೋಚನೆ ಮಾಡಲಿಲ್ಲ. ಗ್ರೇಡ್ ಎಂಟರಿಂದ ಮೂರಕ್ಕೆ ಇಳಿಸಿದ. ಈವರೆಗಿನ ಬಿಡ್‌ಗಳನ್ನೆಲ್ಲ ರದ್ದು ಮಾಡಿ, ಬೇಕಾದವರು ಹೊಸದಾಗಿ ಹಾಕಬಹುದು ಎಂದು ಬರೆದ. ಕೊನೆಗೆ, ಗ್ರೇಡ್ ಮಾಡುವಾಗ ತಪ್ಪಿದ್ದು ತಾನೇ ಎಂದೂ ಸೇರಿಸಿ, ಕೆಳಗಿದ್ದ ಪವಿತ್ರಳ ಹೆಸರು ಅಳಿಸಿ ತನ್ನ ಹೆಸರು ಹಾಕಿದ. ಹುಡುಗಿಯ ಹೆಸರಿಗೆ ಮಸಿ ತಾಗದಂತೆ ನೋಡಿಕೊಂಡೆ ಎಂಬ ಸಮಾಧಾನದಲ್ಲಿ ಚೆನ್ನಾಗಿ ಊಟ ಮಾಡಿದ. ಪ್ರೀತಿಸಿದವರಿಗಾಗಿ ಒಂದು ಪೆಟ್ಟು ತಿನ್ನುವುದರಲ್ಲಿ ಎಂಥ ಸುಖವಿದೆ ಎಂದು ಅವನಿಗೆ ಆ ದಿನ ಅನಿಸಿತು.

ಭಾನುವಾರ ಬೆಳಿಗ್ಗೆ ಅವಳಿಂದ ಒಂದೇ ಸಾಲು ಬಂತು: ಇನ್ನು ಮುಂದೆ ಪುಸ್ತಕ ತರಬೇಡಿ.

ಚನ್ನಕೇಶವ ಅಂಗಡಿಯ ಬಾಗಿಲೂ ಸರಿಯಾಗಿ ಹಾಕದೆ ಬೈಕ್ ಹತ್ತಿದ. ಅಲ್ಲಿ ಮನೆಯೆಲ್ಲ ಗಡಿಬಿಡಿ. ಹುಳುಗಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗಿದ್ದವು, ಆರಿಸಿ ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ ಒಂದು ತಿಂಗಳ ದುಡಿಮೆ ನೆಲಕ್ಕೆ ಬೀಳುತ್ತದೆ. ಮುನಿಗಂಗಮ್ಮ ಅವನನ್ನು ನೋಡಿ, "ನಿಂತ್ಕೊಂಡ್ ಏನ್ ನೋಡ್ತೀಯಪ್ಪ, ಕೈ ತೊಳ್ಕೊಂಡ್ ಒಳಗ್ ಬಾ," ಎಂದಳು. ಅವನು ಕೈಕಾಲು ತೊಳೆದು ಒಳಗೆ ಹೋಗಿ, ಪವಿತ್ರಳ ಎದುರಿನ ತಟ್ಟೆಯ ಮುಂದೆ ಕೂತ. ಹಣ್ಣು ಹುಳು ಯಾವುದು, ಹಸಿ ಯಾವುದು ಎಂದು ಅವಳ ಕೈ ನೋಡಿ ಕಲಿತ.

ಒಂದು ತಟ್ಟೆ ಮುಗಿದ ಮೇಲೆ ಅವನೇ, ನಿಮಗೆ ಕೆಟ್ಟ ಹೆಸರು ಬರಬಾರದು ಅಂತ ಹಾಗೆ ಮಾಡಿದೆ ಎಂದ.

ಅವಳ ಕೈ ನಿಂತಿತು.

"ಈ ಜಮೀನು ಸೋದರಮಾವನ ಹೆಸರಲ್ಲಿದೆ. ಗೂಡು ಮಾರೋ ಪಾಸ್‌ಬುಕ್ಕೂ ಮಾವನದು. ಡೈರಿಗೆ ಹಾಲು ಹಾಕೋದು ಅಜ್ಜಿ ಹೆಸರಲ್ಲಿ. ದುಡಿಯೋದೆಲ್ಲ ನಾನೇ, ನನ್ನ ಹೆಸರಿದ್ದಿದ್ದು ಅದೊಂದೇ ಕಡೆ. ಅದನ್ನ ಅಳಿಸಿಬಿಟ್ರಲ್ಲ ನೀವು."

"ತಪ್ಪು ಅಂತ ಬರೀಬೇಕಿತ್ತಲ್ಲ, ಅದಕ್ಕೆ..."

"ತಪ್ಪೂ ನಂದೇ. ಅದನ್ನ ನೀವು ಕಿತ್ಕೊಂಡ್ರೆ, ನಾಳೆ ಸರಿಯಾಗಿ ಮಾಡಿದ್ದು ಹೇಗೆ ನಂದಾಗುತ್ತೆ?"

ಅವಳು ಅಳುತ್ತಿರಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಲು ಅವನಿಗೆ ನಾಲ್ಕು ಮಾತು ಸಿಗುತ್ತಿತ್ತೇನೋ. ತಾನು ಕೊಟ್ಟೆ ಎಂದುಕೊಂಡದ್ದು ನಿಜವಾಗಿ ಕಸಿದುಕೊಂಡದ್ದು ಎಂಬುದು ಅವನಿಗೆ ಆಗ ಅರ್ಥವಾಯಿತು. ನಾಚಿಕೆಯಾಯಿತು. ಎದ್ದು ಜೇಬಿನಿಂದ ಫೋನ್ ತೆಗೆದು, ಹರಾಜಿನ ಪುಟ ತೆರೆದು, ಅವಳ ಮುಂದಿಟ್ಟ.

"ನೀವೇ ಬರೀರಿ. ಒಂದಕ್ಷರಾನೂ ನಾನು ತಿದ್ದಲ್ಲ."

ಪವಿತ್ರ ಕೈ ಒರೆಸಿಕೊಂಡು ಫೋನ್ ತೆಗೆದುಕೊಂಡಳು. ಈ ಸಂಚಿಕೆಯನ್ನು ಗ್ರೇಡ್ ಮಾಡಿದ್ದು ತಾನು, ಹಾಳೆ ಎಣಿಸಿದೆ, ಕಾಗದ ನೋಡಲಿಲ್ಲ, ತಪ್ಪಾಯಿತು ಎಂದು ಬರೆದಳು. ಅಷ್ಟಕ್ಕೇ ನಿಲ್ಲಿಸಲು ಹೋದವಳಿಗೆ ಅವನು ಗಂಗುಲಮ್ಮನ ಕಥೆ ಹೇಳಿದ. ಅವಳು ಅದನ್ನೂ ಬರೆದಳು: ನಡುವಿನ ನಾಲ್ಕು ಪುಟ, ಅಳುತ್ತಿದ್ದ ಮಗಳಿಗಾಗಿ ಒಬ್ಬ ತಂದೆ ಸೇರಿಸಿದ್ದು. ಆಮೇಲೆ ತನ್ನ ಹೆಸರು ಹಾಕಿದಳು.

ಇಬ್ಬರು ಸಂಗ್ರಾಹಕರು ನಮಗೆ ಬೇಡ ಎಂದು ಹೊರನಡೆದರು. ಅವರದೇನೂ ತಪ್ಪಿಲ್ಲ. ಉಳಿದವರು ಉಳಿದರು. ಸಂಜೆ ಆರು ಗಂಟೆಗೆ ಪುಸ್ತಕ ಆ ಮೈಸೂರಿನವರಿಗೇ ಹೋಯಿತು. ಹಾಳೆ ಬದಲಾಯಿಸದೆ ಹಾಗೇ ಇಟ್ಟುಕೊಳ್ಳುತ್ತೇನೆ, ಮುಂದಿನ ವಾರವೂ ಪವಿತ್ರ ಅವರೇ ನೋಡಲಿ ಎಂದು ಅವರು ಬರೆದರು. ಪವಿತ್ರ ಅದನ್ನು ಎರಡು ಸಲ ಓದಿ ಫೋನ್ ಅವನಿಗೆ ಕೊಟ್ಟಳು. ಈಗ ಮಾತ್ರ ಅವಳ ಕಣ್ಣು ತುಂಬಿತ್ತು.

"ಥ್ಯಾಂಕ್ಸ್," ಎಂದಳು.

"ಯಾತಕ್ಕೆ? ಅಳಿಸಿದ್ದು ನಾನು."

"ತಿರುಗ ಕೊಟ್ರಲ್ಲ. ಕೊಡೋರು ಕಮ್ಮಿ."

ಬದುಕಿನಲ್ಲಿ ಚನ್ನಕೇಶವನಿಗೆ ಸಿಕ್ಕ ಒಳ್ಳೆಯದರಲ್ಲಿ ಅರ್ಧ ಈ ಅಂಗಳದಲ್ಲೇ ಸಿಕ್ಕಿತ್ತು. ಅದಕ್ಕೆ ಋಣಿಯಾಗಿರುವುದು ಬಿಟ್ಟು ತಾನೇ ಉಪಕಾರ ಮಾಡಲು ಹೊರಟಿದ್ದನಲ್ಲ ಎನಿಸಿತು. ಅಂಗೈಯಲ್ಲಿ ಒಂದು ಹಣ್ಣು ಹುಳು, ಪಕ್ಕದ ತಟ್ಟೆಯಲ್ಲಿ ಕಿವಿ ನಿಮಿರಿಸಿಕೊಂಡ ಮುನಿಗಂಗಮ್ಮ. ಇದಕ್ಕಿಂತ ಒಳ್ಳೆಯ ಸಮಯಕ್ಕೆ ಕಾಯಬಹುದಿತ್ತು. ಕಾಯಲಾಗಲಿಲ್ಲ.

"ನಿಮ್ಮನ್ನ ಬಿಟ್ಟು ಇರಕ್ಕಾಗಲ್ಲ ನಂಗೆ. ಮದುವೆ ಆಗ್ತೀರಾ?"

ಪವಿತ್ರ ಅವನ ಅಂಗೈಯಿಂದ ಹುಳುವನ್ನು ಎರಡು ಬೆರಳಲ್ಲಿ ಎತ್ತಿಕೊಂಡಳು. ಎತ್ತಲು ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಹೊತ್ತು ಅವಳ ಬೆರಳು ಅಲ್ಲಿತ್ತು. ಹುಳುವನ್ನು ಚಂದ್ರಿಕೆಗೆ ಬಿಟ್ಟು ಅಜ್ಜಿಯ ಕಡೆ ನೋಡಿದಳು. ಮುದುಕಿ, ನನ್ನನ್ನೇನು ಕೇಳ್ತೀಯ, ಹುಡುಗ ಕೆಲಸ ಕಲ್ತಿದ್ದಾನೆ, ಮಾವನಿಗೆ ನಾನು ಹೇಳ್ಕೊಳ್ತೀನಿ ಎಂದು ಗೊಣಗಿ, ನಗು ಮುಚ್ಚಿಕೊಳ್ಳಲು ಆ ಕಡೆ ತಿರುಗಿದಳು.

"ಲಗ್ನಪತ್ರಿಕೆಲಿ ನನ್ನ ಹೆಸರು ಮೊದಲು ಬರ್ಬೇಕು," ಎಂದಳು ಪವಿತ್ರ.

"ಬರುತ್ತೆ. ಪ್ರಿಂಟ್ ಮಾಡೋನು ನಾನೇ ತಾನೆ."

ಅವಳು ಅವನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು. ಎಡಗಣ್ಣು ಮೊದಲು ಕಿರಿದಾಯಿತು.

"ಪ್ರೂಫ್ ಮಾತ್ರ ನಾನೇ ನೋಡ್ತೀನಿ."